ಮೀಟರ್ ಬೋರ್ಡಿನ ದೀಪ ಆರಿದರೆ ಬೋರ್ಡನ್ನೇ ಬದಲಿಸಬೇಕೆ?

ಈ ಸಲ ಪಠ್ಯಪುಸ್ತಕದ ಬಗ್ಗೆಯಾಗಲಿ, ವರ್ಗಾವಣೆಯ ಬಗ್ಗೆಯಾಗಲಿ ಬರೆಯುತ್ತಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ದೀಪಗಳ ಬಗ್ಗೆ ಬರೆಯುತ್ತಿದ್ದೇವೆ. "ಮೇಷ್ಟ್ರಿಗೂ ಮೀಟರ್ ಬೋರ್ಡಿಗೂ ಏನ್ರೀ ಸಂಬಂಧ?" ಎಂದು ನಗಬೇಡಿ. ಸಂಬಂಧ ಇದೆ. ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗ.. ಈ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರಲ್ಲಿ ಎಷ್ಟೋ ಜನ ಈಗ ಸ್ಟಿಯರಿಂಗ್ ಹಿಡಿದೇ ಸಂಸಾರ ನಡೆಸುತ್ತಿದ್ದಾರೆ. ಒಬ್ಬ ಟ್ರ್ಯಾಕ್ಸ್ ಓಡಿಸುತ್ತಾನೆ, ಒಬ್ಬ ಬೆಂಗಳೂರಿಗೆ ಬಾಡಿಗೆ ಕಾರು, ಇನ್ನೊಬ್ಬ ಟೊಮೆಟೊ ಸಾಗಿಸುವ ಸಣ್ಣ ಗಾಡಿ. ಅವರ ಕಣ್ಣೆದುರು ದಿನವಿಡೀ ಇರುವ ಫಲಕ ಅದು. ಅದನ್ನು ಓದುವುದು ಅವರಿಗೆ ಯಾರೂ ಕಲಿಸಿಲ್ಲ. ಕಲಿಸಬೇಕಾದವರು ನಾವೇ, ಅದೂ ಕನ್ನಡದಲ್ಲೇ ಎಂಬುದು ನಮ್ಮ ಅಭಿಪ್ರಾಯ.

ನಾವು ಓದಿದ್ದು ಟಿಸಿಹೆಚ್ ಮತ್ತು ಬಿಎ. ವಿಜ್ಞಾನದ ಮೇಷ್ಟ್ರಲ್ಲ, ಮೆಕ್ಯಾನಿಕ್ ಅಂತೂ ಅಲ್ಲವೇ ಅಲ್ಲ. ಆದರೆ ಹತ್ತನೇ ತರಗತಿಯ ವಿದ್ಯುತ್ ಪಾಠ ಅರ್ಥವಾದ ಯಾರಿಗಾದರೂ ಈ ದೀಪಗಳ ತೊಂದರೆಯಲ್ಲಿ ಮುಕ್ಕಾಲು ಪಾಲು ಅರ್ಥವಾಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇವೆ. ಉಳಿದ ಕಾಲು ಪಾಲಿಗೆ ಮೆಕ್ಯಾನಿಕ್ ಬೇಕೇ ಬೇಕು, ಅದನ್ನೂ ಮುಂದೆ ಹೇಳುತ್ತೇವೆ.

ಮೊದಲು ಒಂದು ವಿಷಯ. ಮೀಟರ್ ಬೋರ್ಡಿನಲ್ಲಿ ಎರಡು ಜಾತಿಯ ದೀಪಗಳಿವೆ. ರಾತ್ರಿ ಸ್ಪೀಡೋಮೀಟರಿನ ಮುಳ್ಳು, ಅಂಕಿ ಕಾಣಲೆಂದು ಹಿಂದಿನಿಂದ ಬೆಳಕು ಕೊಡುವವು ಒಂದು. ಎಣ್ಣೆ ಡಬ್ಬಿ, ಬ್ಯಾಟರಿ, ಬ್ರೇಕಿನ ಗುರುತು ತೋರಿಸಿ ಎಚ್ಚರಿಸುವವು ಇನ್ನೊಂದು. ಎರಡರ ಕೆಲಸವೂ ಬೇರೆ, ಹಳೆಯ ಗಾಡಿಗಳಲ್ಲಿ ಕರೆಂಟಿನ ದಾರಿಯೂ ಬೇರೆ. "ಲೈಟು ಹೋಗೈತೆ" ಎಂದು ಅಂಗಡಿಗೆ ಹೋದರೆ ಯಾವ ಲೈಟು ಎಂದು ಅವನೂ ಕೇಳುವುದಿಲ್ಲ, ಇವನೂ ಹೇಳುವುದಿಲ್ಲ. ಅರ್ಧ ಗೊಂದಲ ಶುರುವಾಗುವುದೇ ಇಲ್ಲಿ.

ನಮ್ಮ ಹಳೆಯ ವಿದ್ಯಾರ್ಥಿ ಒಬ್ಬನ ಕಥೆ ಕೇಳಿ. ಬಾಡಿಗೆ ಕಾರು ಓಡಿಸುತ್ತಾನೆ, ಹಿಂದೂಪುರದಿಂದ ಬೆಂಗಳೂರಿಗೆ, ಹೆಚ್ಚಾಗಿ ರಾತ್ರಿ ಹೊತ್ತು. ಒಂದು ದಿನ ಮೀಟರ್ ಬೋರ್ಡೆಲ್ಲ ಕತ್ತಲಾಯಿತು. ಒಂದು ದೊಡ್ಡ ಅಂಗಡಿಗೆ ಹೋದನಂತೆ. ಅಲ್ಲಿಯವರು ಹತ್ತು ನಿಮಿಷ ನೋಡಿ, ಬೋರ್ಡೇ ಹೊಸದು ಹಾಕಬೇಕು, 14,000 ರೂಪಾಯಿ ಆಗುತ್ತದೆ ಎಂದರಂತೆ. ಇವನು ಸಾಲ ಕೇಳಲು ನಮ್ಮ ಮನೆಗೆ ಬಂದ!

"ಲೋ, ಹಿಂದಿನ ಕೆಂಪು ಲೈಟು ಉರೀತೈತೇನೋ?" ಎಂದೆವು.

"ನೋಡಿಲ್ಲ ಸಾರ್.. ನಾನು ಮುಂದೆ ಕೂತಿರ್ತೀನಲ್ಲ."

ಹೋಗಿ ನೋಡಿದರೆ ಹಿಂದಿನದೂ ಇಲ್ಲ, ನಂಬರ್ ಪ್ಲೇಟಿನದೂ ಇಲ್ಲ. ಬಹಳಷ್ಟು ಗಾಡಿಗಳಲ್ಲಿ ಮೀಟರ್ ಬೋರ್ಡಿನ ಹಿಂಬೆಳಕು ಪಾರ್ಕಿಂಗ್ ಲೈಟಿನ ದಾರಿಯಲ್ಲೇ ಬರುತ್ತದೆ. ಎರಡೂ ಒಟ್ಟಿಗೆ ಹೋಗಿದ್ದರೆ ತಪ್ಪು ಬೋರ್ಡಿನಲ್ಲಿ ಇರುವ ಸಾಧ್ಯತೆ ಕಡಿಮೆ. ಎರಡಕ್ಕೂ ಹಿಂದೆ ಇರುವ ಜಾಗದಲ್ಲಿ, ಅಂದರೆ ಫ್ಯೂಸಿನಲ್ಲೋ ಸ್ವಿಚ್ಚಿನಲ್ಲೋ ಇರುತ್ತದೆ. ಸ್ಟಿಯರಿಂಗಿನ ಕೆಳಗಿನ ಮುಚ್ಚಳ ತೆಗೆದ. 10 ಆಂಪಿಯರಿನ ಕೆಂಪು ಫ್ಯೂಸು ಸುಟ್ಟಿತ್ತು. ಹತ್ತು ರೂಪಾಯಿ.

ಅವನ ರಾತ್ರಿ ಪ್ರಯಾಣದ ವಿಷಯ ಯೋಚಿಸಿ. ಬೋರ್ಡು ಕಾಣುತ್ತಿಲ್ಲ ಎಂಬುದಷ್ಟೇ ಅವನ ಚಿಂತೆ. ಹಿಂದಿನ ಕೆಂಪು ದೀಪವೂ ಇಲ್ಲದೆ ಎರಡು ರಾತ್ರಿ ಹೆದ್ದಾರಿಯಲ್ಲಿ ಓಡಿದ್ದಾನೆ, ಹಿಂದಿನಿಂದ ಲಾರಿಗಳು ಬರುತ್ತಿರುವಾಗ. ನಮಗೆ ಹೊಟ್ಟೆಯಲ್ಲಿ ತಣ್ಣಗಾಗಿದ್ದು 14,000 ಕೇಳಿ ಅಲ್ಲ, ಇದನ್ನು ಕೇಳಿ.

ಈಗ ಆ ಹುಡುಗ ಓದಿದ್ದೇನು? ಸಮಾಂತರ ಜೋಡಣೆ. ಅದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆದವನು. ಸಮಾಂತರದಲ್ಲಿ ಒಂದು ಬಲ್ಬು ಹೋದರೆ ಉಳಿದವು ಉರಿಯುತ್ತವೆ, ಎಲ್ಲವೂ ಒಟ್ಟಿಗೆ ಹೋದರೆ ಎಲ್ಲಕ್ಕೂ ಸಾಮಾನ್ಯವಾದ ಜಾಗ ಹುಡುಕಬೇಕು.. ಇಷ್ಟೇ ತಾನೆ! ಬೋರ್ಡಿನ ಒಂದು ಮೂಲೆ ಮಾತ್ರ ಕತ್ತಲಾದರೆ ಅಲ್ಲಿಯ ಬಲ್ಬು ಹೋಗಿದೆ. ಬೋರ್ಡು ಪೂರ್ತಿ ಕತ್ತಲಾಗಿ ಹಿಂದಿನ ಕೆಂಪು ಲೈಟು ಚೆನ್ನಾಗಿಯೇ ಇದ್ದರೆ, ಬೆಳಕು ಹೆಚ್ಚು ಕಡಿಮೆ ಮಾಡುವ ಸಣ್ಣ ಚಕ್ರವೋ ಗುಂಡಿಯೋ ಇದೆಯಲ್ಲ, ಡಿಮ್ಮರ್, ಅದನ್ನು ಮೊದಲು ತಿರುಗಿಸಿ ನೋಡಬೇಕು. ನಗಬೇಡಿ, ಗಾಡಿ ಒರೆಸುವಾಗ ಬಟ್ಟೆ ತಗುಲಿ, ಇಲ್ಲವೇ ಮಡಿಲಲ್ಲಿ ಕೂತ ಮಗು ತಿರುಗಿಸಿ ಅದು ಪೂರ್ತಿ ಕೆಳಗೆ ಹೋಗಿರುವುದು ಬಹಳ ಸಾಮಾನ್ಯ. ಹಳೆಯ ಡಿಮ್ಮರುಗಳ ಒಳಗೆ ಸುರುಳಿ ಇರುತ್ತದೆ. ನಮ್ಮ ಕಡೆಯ ಧೂಳಿಗೆ ಅದರ ಮೇಲೆ ಕೊಳೆ ಕೂತು ಒಂದೊಂದು ಕಡೆ ಸಂಪರ್ಕ ತಪ್ಪುತ್ತದೆ. ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಕೆಲವೊಮ್ಮೆ ಬೆಳಕು ಮಿಣುಕುತ್ತದೆ. ಮಿಣುಕಿತೋ, ಕಳ್ಳ ಸಿಕ್ಕಂತೆ.

ಫ್ಯೂಸಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ನಮ್ಮ ಕಡೆ ದೊಡ್ಡ ಅನಾಹುತಕ್ಕೆ ದಾರಿ ಇಲ್ಲೇ ಇದೆ. ಗಾಡಿಯ ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಲೆಕ್ಕ ಇದೆ: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಕೆಂಪು ಹೋದರೆ ಕೆಂಪನ್ನೇ ಹಾಕಬೇಕು. "ಹಸಿರು ಹಾಕಿದ್ರೆ ಮತ್ತೆ ಸುಡಲ್ಲ ಅಣ್ಣಾ, ಗಟ್ಟಿ ಇರುತ್ತೆ" ಎನ್ನುವವರು ಇದ್ದಾರೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕುವವರೂ ಇದ್ದಾರೆ! ಮಕ್ಕಳಿಂದ ಲೆಕ್ಕ ಮಾಡಿಸಿ ನೋಡಿ. ಮುಂದಿನ ಎರಡು ಪಾರ್ಕಿಂಗ್ ಬಲ್ಬು, ಹಿಂದಿನ ಎರಡು, ನಂಬರ್ ಪ್ಲೇಟಿನದೊಂದು, ತಲಾ 5 ವ್ಯಾಟ್ ಎಂದುಕೊಳ್ಳಿ. 25 ಆಯಿತು. ಬೋರ್ಡಿನ ಸಣ್ಣ ಬಲ್ಬುಗಳೆಲ್ಲ ಸೇರಿ ಒಂದು 10. ಒಟ್ಟು 35 ವ್ಯಾಟ್. 12 ವೋಲ್ಟಿನಲ್ಲಿ ಭಾಗಿಸಿದರೆ ಸುಮಾರು 3 ಆಂಪಿಯರ್. 10ರ ಫ್ಯೂಸು ಧಾರಾಳವಾಗಿ ಸಾಕು. ಅದೇ ಜಾಗಕ್ಕೆ 30ರದ್ದು ಹಾಕಿದರೆ 360 ವ್ಯಾಟಿನವರೆಗೆ ಫ್ಯೂಸು ಸುಮ್ಮನೆ ಕೂತಿರುತ್ತದೆ. ಆ ದಾರಿಯ ವೈರು ತೆಳ್ಳಗಿನದು. ಫ್ಯೂಸಿನ ಬದಲು ವೈರು ಬಿಸಿಯಾಗುತ್ತದೆ, ಸುತ್ತ ಪ್ಲಾಸ್ಟಿಕ್ಕು, ಸೀಟಿನ ಸ್ಪಂಜು.. ಮುಂದಿನದು ನೀವೇ ಊಹಿಸಿ.

ಹೊಸ ಕೆಂಪು ಫ್ಯೂಸು ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಗುಲುತ್ತಿದೆ ಎಂದು ಅರ್ಥ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಇತ್ತೀಚೆಗೆ ಗಾಡಿಗೆ ಏನು ಹೊಸದಾಗಿ ಹಾಕಿಸಿದ್ದೀರಿ? ಹಾಡಿನ ಪೆಟ್ಟಿಗೆ, ಕಾಲಡಿಯ ನೀಲಿ ದೀಪ, ದೇವರ ಫೋಟೋ ಸುತ್ತ ಮಿನುಗುವ ಸರ.. ಇವಕ್ಕೆಲ್ಲ ಪಾರ್ಕಿಂಗ್ ಲೈಟಿನ ವೈರನ್ನೇ ಸುಲಿದು ಟೇಪು ಸುತ್ತಿರುತ್ತಾರೆ. ಬೇಸಗೆಯಲ್ಲಿ ನಮ್ಮ ಅನಂತಪುರದ ಬಿಸಿಲಿಗೆ ಟೇಪಿನ ಅಂಟು ಕರಗುತ್ತದೆ. ಆ ಹುಡುಗನ ಗಾಡಿಯಲ್ಲೂ ಆಗಿದ್ದು ಇದೇ. ದೇವರ ಮೇಲೆ ನಮಗೂ ಭಕ್ತಿ ಇದೆ, ಆದರೆ ದೇವರ ಸರಕ್ಕೆ ಪ್ರತ್ಯೇಕ ಫ್ಯೂಸು ಇರಲಿ ಸ್ವಾಮಿ!

ಇನ್ನು ಅರ್ತ್. ಇಂಡಿಕೇಟರ್ ಹಾಕಿದರೆ ಬೋರ್ಡಿನ ಬೆಳಕೂ ಜೊತೆಗೆ ಮಿಣುಕುವುದು, ಬ್ರೇಕು ಒತ್ತಿದರೆ ಬೇರೆ ಯಾವುದೋ ದೀಪ ಮಂಕಾಗಿ ಉರಿಯುವುದು, ಇಂಥ ದೆವ್ವದ ಆಟಗಳಿಗೆಲ್ಲ ಹೆಚ್ಚಾಗಿ ಕಾರಣ ಅರ್ತ್ ಸರಿಯಿಲ್ಲದಿರುವುದು. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಬಾಡಿಗೇ ಕೊಟ್ಟಿರುತ್ತಾರಲ್ಲ, ಬಲ್ಬಿನಿಂದ ಹೊರಟ ಕರೆಂಟು ಆ ಬಾಡಿಯ ಮೂಲಕ ವಾಪಸು ಬರಬೇಕು. ಬೋಲ್ಟಿನ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ದಾರಿ ಕಟ್ಟಿಹೋಗಿ, ಕರೆಂಟು ಪಕ್ಕದ ಬಲ್ಬಿನ ಮನೆಯೊಳಗೆ ನುಗ್ಗಿ ಅಲ್ಲಿಂದ ವಾಪಸು ಹೋಗುತ್ತದೆ. ಕಲ್ಯಾಣದುರ್ಗದ ಕಡೆ ಮೆಕ್ಯಾನಿಕ್ಕುಗಳು "ಎರ್ತ್ ರಾವಟ್ಲೇದು" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಮಾತು ಸರಿಯೇ. ಆದರೆ ಅವರ ಕೈಕೆಳಗೆ ಕೆಲಸ ಕಲಿಯುವ ನಮ್ಮ ಹುಡುಗನಿಗೆ, ತಾನು ಓದಿದ 'ಪೂರ್ಣಗೊಂಡ ವಿದ್ಯುತ್ ಮಂಡಲ'ವೇ ಇದು ಎಂದು ಹೊಳೆಯುವುದಿಲ್ಲ. ಅವನ ತಲೆಯಲ್ಲಿ ಅದು ಪರೀಕ್ಷೆಯ ಕನ್ನಡ, ಇದು ಅಂಗಡಿಯ ತೆಲುಗು. ಎರಡರ ನಡುವೆ ವೈರು ಎಳೆಯುವವರು ಯಾರು?

ಎಚ್ಚರಿಕೆ ದೀಪಗಳ ಕಡೆಗೆ ಬರೋಣ. ಇಲ್ಲಿ ನಮ್ಮ ದನಿ ಸ್ವಲ್ಪ ಏರಿದರೆ ಕ್ಷಮಿಸಿ. ಕೀ ಆನ್ ಮಾಡಿ ಇಂಜಿನ್ ಶುರು ಮಾಡುವ ಮೊದಲು ಒಂದು ಕ್ಷಣ ಬೋರ್ಡು ನೋಡಿ. ಎಣ್ಣೆ ದೀಪ, ಬ್ಯಾಟರಿ ದೀಪ ಉರಿಯಬೇಕು. ಇಂಜಿನ್ ಶುರುವಾದ ಮೇಲೆ ಆರಬೇಕು. ಮೊದಲು ಉರಿಯಲೇ ಇಲ್ಲವೆಂದರೆ "ಗಾಡಿ ಚೆನ್ನಾಗೈತೆ" ಎಂದಲ್ಲ, ಹೇಳುವವನ ಬಾಯಿ ಕಟ್ಟಿದೆ ಎಂದರ್ಥ. ಹಳೆಯ ಗಾಡಿ ಕೊಳ್ಳುವವರು ಇದನ್ನು ಮೊದಲು ನೋಡಬೇಕು. ಎಣ್ಣೆಯ ಒತ್ತಡ ಇಲ್ಲದ ಇಂಜಿನ್ನಿನ ಬಲ್ಬನ್ನು ಕಿತ್ತು ಮಾರುವ ಮಹಾನುಭಾವರು ಇದ್ದಾರೆ. ಪರೀಕ್ಷೆ ಸುಲಭ, ಹಳೆಯ ಮಾದರಿಗಳಲ್ಲಿ ಇಂಜಿನ್ನಿನ ಮೇಲಿರುವ ಎಣ್ಣೆ ಸ್ವಿಚ್ಚಿನ ಒಂಟಿ ವೈರು ತೆಗೆದು, ಕೀ ಆನ್ ಇಟ್ಟು, ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ದೀಪ ಉರಿಯಬೇಕು. ಉರಿಯದಿದ್ದರೆ ಬಲ್ಬು ಅಥವಾ ವೈರು. ಉರಿದರೆ ಸ್ವಿಚ್ಚು.

ಬ್ಯಾಟರಿ ದೀಪದ್ದು ಇನ್ನೂ ಸ್ವಾರಸ್ಯ. ಹಳೆಯ ಬಹಳಷ್ಟು ಗಾಡಿಗಳಲ್ಲಿ ಆಲ್ಟರ್ನೇಟರ್ ಕೆಲಸ ಶುರು ಮಾಡಲು ಬೇಕಾದ ಮೊದಲ ಸಣ್ಣ ಕರೆಂಟು ಹೋಗುವುದೇ ಈ ದೀಪದ ಮೂಲಕ. ಐದಾರು ರೂಪಾಯಿಯ ಆ ಬಲ್ಬು ಸುಟ್ಟರೆ ಚಾರ್ಜು ಶುರುವಾಗುವುದೇ ಇಲ್ಲ, ಇಲ್ಲವೇ ಇಂಜಿನ್ ಜೋರಾಗಿ ಓಡಿದ ಮೇಲೆ ಶುರುವಾಗುತ್ತದೆ. ಬೆಳಿಗ್ಗೆ ಗಾಡಿ ಎತ್ತುವುದಿಲ್ಲ. ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಆಲ್ಟರ್ನೇಟರ್ ಬಿಚ್ಚಿಸುತ್ತಾರೆ. ಬಲ್ಬನ್ನು ಮಾತ್ರ ಯಾರೂ ನೋಡುವುದಿಲ್ಲ. ಇಂಜಿನ್ ವೇಗಕ್ಕೆ ತಕ್ಕಂತೆ ಬೋರ್ಡಿನ ಬೆಳಕು ಏರಿಳಿದರೂ ನೋಡಬೇಕಾದ್ದು ಚಾರ್ಜನ್ನು ಮತ್ತು ಬ್ಯಾಟರಿಯ ಟರ್ಮಿನಲ್ಲನ್ನು. ಇಂಜಿನ್ ಓಡುವಾಗ ಮಲ್ಟಿಮೀಟರ್ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು ತೋರಿಸಬೇಕು.

ಕೆಂಪು ದೀಪದ ಮೇಲೆ ಕಪ್ಪು ಟೇಪು ಅಂಟಿಸುವವರ ಬಗ್ಗೆ ಏನು ಹೇಳೋಣ? ಮಕ್ಕಳನ್ನು ಶಾಲೆಗೆ ಕರೆತರುವ ಒಂದು ಗಾಡಿಯಲ್ಲಿ ನಾವೇ ಕಣ್ಣಾರೆ ನೋಡಿದ್ದೇವೆ. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಬ್ರೇಕಿನ ಕೆಂಪು ದೀಪ, ಅದರ ಮೇಲೆ ಟೇಪು! ಕೇಳಿದರೆ "ಸುಮ್ನೆ ಉರೀತಿರ್ತೈತೆ ಸಾರ್, ಕಣ್ಣಿಗೆ ಹೊಡೆಯುತ್ತೆ" ಎಂದ. ಸುಮ್ಮನೆ ಉರಿಯುವುದಿಲ್ಲಪ್ಪಾ. ಹ್ಯಾಂಡ್ ಬ್ರೇಕು ಪೂರ್ತಿ ಇಳಿದಿದೆಯೇ ನೋಡು. ಇಳಿದಿದ್ದರೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡು. ಕಡಿಮೆಯಾಗಿದ್ದರೆ ಪ್ಯಾಡು ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಎರಡೂ ಅಲ್ಲದಿದ್ದರೆ ಮಾತ್ರ ಸ್ವಿಚ್ಚು ಕೆಟ್ಟಿರಬಹುದು. ಕಾರಣ ಗೊತ್ತಾಗುವವರೆಗೆ ಮಕ್ಕಳನ್ನು ಹತ್ತಿಸಬೇಡ. ಆ ಗಾಡಿಯಲ್ಲಿ ಅವತ್ತು 14 ಮಕ್ಕಳಿದ್ದರು, ನಾವೇ ಎಣಿಸಿ ಇಳಿಸಿದೆವು. ತಂದೆತಾಯಿಗಳಿಗೆ ನಮ್ಮ ವಿನಂತಿ: ಮಕ್ಕಳು ಹತ್ತುವ ಗಾಡಿಯ ಬಾಡಿಗೆ ಎಷ್ಟು ಎಂದು ಕೇಳುತ್ತೀರಿ, ಕೀ ಹಾಕಿದಾಗ ಬೋರ್ಡಿನಲ್ಲಿ ಏನು ಉರಿಯುತ್ತದೆ ಎಂದೂ ಒಮ್ಮೆ ಬಗ್ಗಿ ನೋಡಿ.

ಬಣ್ಣದ ಅರ್ಥ ಕಷ್ಟದ್ದಲ್ಲ. ಕೆಂಪಾದರೆ ಗಾಡಿ ನಿಲ್ಲಿಸಿ ನೋಡು. ಹಳದಿಯಾದರೆ ಆದಷ್ಟು ಬೇಗ ತೋರಿಸು. ಹಸಿರು, ನೀಲಿಯಾದರೆ ಯಾವುದೋ ಆನ್ ಆಗಿದೆ ಎಂಬ ಮಾಹಿತಿ ಅಷ್ಟೆ. ಹೈ ಬೀಮಿಗೆ ನೀಲಿ. ಈ ಗುರುತುಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ನಮಗೆ ಇದರಲ್ಲಿ ಬಹಳ ಖುಷಿ ಕೊಡುವ ವಿಷಯ ಏನೆಂದರೆ ಈ ಲಿಪಿ ಇಂಗ್ಲಿಷೂ ಅಲ್ಲ, ತೆಲುಗೂ ಅಲ್ಲ, ಕನ್ನಡವೂ ಅಲ್ಲ. ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತೆಲುಗು, ಔಷಧಿಯ ಚೀಟಿಯಲ್ಲಿ ಇಂಗ್ಲಿಷ್ ಓದುವ ಗಡಿಯ ಮಗುವಿಗೆ ನಾಲ್ಕನೆಯ ಲಿಪಿ ಒಂದು ಭಾರವೇ?

ಹೊಸ ಗಾಡಿಗಳ ಮಾತು ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಅವುಗಳಲ್ಲಿ ಬಲ್ಬಿನ ಬದಲು ಬೋರ್ಡಿಗೇ ಬೆಸುಗೆ ಹಾಕಿದ ಎಲ್‌ಇಡಿ, ಟಿವಿಯಂಥ ಪರದೆ, ಹಿಂದೆ ಕಂಪ್ಯೂಟರು. ಕಿಲೋಮೀಟರಿನ ಲೆಕ್ಕವೂ, ಕೆಲವು ಗಾಡಿಗಳಲ್ಲಿ ಕಳ್ಳತನ ತಡೆಯುವ ಕೀಲಿಯ ಲೆಕ್ಕವೂ ಅದೇ ಬೋರ್ಡಿನೊಳಗಿರುತ್ತದೆ. ಗುಜರಿಯಿಂದ ಇನ್ನೊಂದು ತಂದು ಹಾಕಿದರೆ ಕೂಡುವುದಿಲ್ಲ. ಸ್ಟಿಯರಿಂಗ್ ಸುತ್ತ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿಗೆ ಟೆಸ್ಟ್ ಲ್ಯಾಂಪು ಹಿಡಿದು ಆಟವಾಡಲೇಬಾರದು. ಹಾಗಿದ್ದರೂ ಫ್ಯೂಸು, ಅರ್ತ್, ಬ್ಯಾಟರಿ ಟರ್ಮಿನಲ್ ನೋಡುವುದು ಅಲ್ಲಿಯೂ ಮೊದಲ ಕೆಲಸವೇ. ಇನ್ನೊಂದು ಸೂಕ್ಷ್ಮ: ಮೊದಲೆಲ್ಲ ಹೆಡ್‌ಲೈಟ್ ಹಾಕುವುದು ಮರೆತರೆ ಬೋರ್ಡು ಕತ್ತಲಾಗಿದ್ದು ನೆನಪಿಸುತ್ತಿತ್ತು. ಈಗಿನ ಬೋರ್ಡು ಹಗಲು ರಾತ್ರಿ ತಾನೇ ಬೆಳಗುವುದರಿಂದ, ಊರೊಳಗಿನ ಬೀದಿದೀಪದ ಬೆಳಕಿನಲ್ಲಿ ಹಿಂದಿನ ಕೆಂಪು ಲೈಟಿಲ್ಲದೆ ಹೊರಟವರು ಹಾಗೇ ಹೋಗುತ್ತಿರುತ್ತಾರೆ. ಹೊಸತೆಲ್ಲ ಒಳ್ಳೆಯದೇ ಎನ್ನಲಾಗದು, ನೋಡಿ.

ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ 2019ರಲ್ಲಿ ಕಾರು ತಯಾರಿಸಲು ಶುರು ಮಾಡಿತು. ಹಿಂದೂಪುರ, ಮಡಕಶಿರದ ಹುಡುಗರ ಕಣ್ಣೆಲ್ಲ ಆ ಕಡೆಗೇ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು, ಆದರೆ ಎರಡೂ ಕಡೆಯ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಓದಿದ್ರೆ ಅಲ್ಲೆಲ್ಲ ಕೆಲಸ ಸಿಗ್ತದಾ ಸಾರ್?" ಕೆಲಸ ಸಿಗುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಹಿಂದಿನ ಕೆಂಪು ದೀಪ ನೋಡದೆ ಬೋರ್ಡು ಬದಲಿಸಿ ಎಂದ ಆ ಅಂಗಡಿಯಲ್ಲಿ ಕಂಪ್ಯೂಟರ್ ಇತ್ತು, ಇಂಗ್ಲಿಷ್ ಇತ್ತು. ಕೊರತೆ ಇದ್ದದ್ದು ಭಾಷೆಯದ್ದಲ್ಲ, ಕ್ರಮವಾಗಿ ಯೋಚಿಸುವುದರದ್ದು. ಅದನ್ನು ನಮ್ಮ ಮಗು ಕನ್ನಡದಲ್ಲೇ ಚೆನ್ನಾಗಿ ಕಲಿಯುತ್ತದೆ.

ಇಲ್ಲಿ ನಮ್ಮ ಕನ್ನಡಾಭಿಮಾನಿ ಗೆಳೆಯರ ಜೊತೆಯೂ ಒಂದು ಜಗಳ ಇದೆ. ಫ್ಯೂಸಿಗೆ, ಡಿಮ್ಮರಿಗೆ, ಡ್ಯಾಶ್‌ಬೋರ್ಡಿಗೆ ಕಬ್ಬಿಣದ ಕಡಲೆಯಂಥ ಸಂಸ್ಕೃತ ಪದ ಕಟ್ಟುವುದು ಬೇಡ. ಫ್ಯೂಸು ಫ್ಯೂಸಾಗಿಯೇ ಇರಲಿ, ಅಂಗಡಿಯಲ್ಲಿ ಕೇಳಿದರೆ ಕೊಡಬೇಕಲ್ಲ! ಕನ್ನಡ ಬೇಕಾದ್ದು ಹೆಸರಿಗಲ್ಲ, ವಿವರಣೆಗೆ. ಗಾಡಿಯ ಜೊತೆ ಬರುವ ಪುಸ್ತಕ ನಾವು ತಿರುವಿ ನೋಡಿದ ಮಟ್ಟಿಗೆ ಇಂಗ್ಲಿಷಿನಲ್ಲೇ ಇರುತ್ತದೆ. ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಗಾಡಿಗೆ ಎಚ್ಚರಿಕೆ ದೀಪಗಳ ನಾಲ್ಕು ಪುಟವಾದರೂ ಕನ್ನಡ, ತೆಲುಗಿನಲ್ಲಿ ಕೊಟ್ಟರೆ ಕಂಪನಿಗಳ ಗಂಟೇನೂ ಹೋಗುವುದಿಲ್ಲ.

ಶಿಕ್ಷಕ ಬಂಧುಗಳೇ, ಆ್ಯಪುಗಳಲ್ಲಿ ಫೋಟೋ ಏರಿಸುವುದರಲ್ಲೇ ದಿನ ಮುಗಿಯುತ್ತದೆ ಎಂಬುದು ನಮಗೂ ಗೊತ್ತು. ಆದರೂ ವಿದ್ಯುತ್ ಪಾಠದ ದಿನ ಗುಜರಿ ಅಂಗಡಿಯಿಂದ ಒಂದು ಹಳೆಯ ಮೀಟರ್ ಬೋರ್ಡು, ನಾಲ್ಕು ಫ್ಯೂಸು ತನ್ನಿ. ಗಾಡಿಯ ಬ್ಯಾಟರಿಯನ್ನು ಮಾತ್ರ ತರಗತಿಗೆ ತರಬೇಡಿ. 12 ವೋಲ್ಟು ಶಾಕ್ ಹೊಡೆಯದಿದ್ದರೂ, ಬಳೆಯೋ ಉಂಗುರವೋ ಎರಡು ಟರ್ಮಿನಲ್ಲಿಗೂ ತಗುಲಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಸೆಲ್ಲು, ಟಾರ್ಚಿನ ಬಲ್ಬು ಸಾಕು. ಬಲ್ಬುಗಳನ್ನು ಸಮಾಂತರದಲ್ಲಿ ಜೋಡಿಸಿ, ನೀವು ಗುಟ್ಟಾಗಿ ಒಂದು ಕಡೆ ವೈರು ಬಿಡಿಸಿಟ್ಟು, ಎಲ್ಲಿ ಕೆಟ್ಟಿದೆ ಹುಡುಕಿ ಎಂದು ಮಕ್ಕಳಿಗೆ ಬಿಡಿ. ನಮ್ಮ ಶಾಲೆಯಲ್ಲಿ ಹೀಗೆ ಮಾಡಿದಾಗ ಎಲ್ಲರಿಗಿಂತ ಮೊದಲು ಹುಡುಕಿದ್ದು ಏಳನೇ ತರಗತಿಯ ಒಬ್ಬ ಹುಡುಗಿ. ಅವಳ ಅಪ್ಪ ಟ್ರ್ಯಾಕ್ಸ್ ಡ್ರೈವರು. ಮರುದಿನ ಅವರು ಬಂದು, "ನಮ್ಮ ಮಗಳು ಟೇಪು ಕಿತ್ತು ಹಾಕಿದ್ಲು ಸಾರ್, ಈಗ ಆ ದೀಪ ಯಾಕೆ ಉರೀತಿದೆ ಹೇಳಿ" ಎಂದರು. ಬಾನೆಟ್ ಎತ್ತಿ ನೋಡಿದೆವು. ಬ್ರೇಕ್ ಆಯಿಲ್ ಕೆಳಗಿನ ಗೆರೆಗಿಂತ ಎರಡು ಬೆರಳು ಕೆಳಗಿತ್ತು.